ಉಪವಾಸದ ಬೆಟ್ಟದಲ್ಲಿ ಬಿರಿಯಾನಿಗೆ ಕಾದವರು

ಬಂಗಾರಪೇಟೆ

ನಮ್ಮ ಸಭೆಯ ಉಪವಾಸ ಪ್ರಾರ್ಥನೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊರಿಯಾ ದೇಶದಲ್ಲಿ ನಮಗೆ ಆದದ್ದು ಯಾರಿಗೂ ಅರ್ಥವಾಗುವುದಿಲ್ಲ.

ಕೆಜಿಎಫ್‌ನ ಊರಿಗಾಮಿನಲ್ಲಿರುವ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಿಂಗಳ ಮೊದಲ ಶುಕ್ರವಾರ ಉಪವಾಸ ಪ್ರಾರ್ಥನೆ. ಅಂದರೆ ಬೆಳಗಿನ ತಿಂಡಿ ಬಿಡಬೇಕು. ಕಾಫಿ ಕುಡಿಯಬಹುದೋ ಇಲ್ಲವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಮೊದಲು ಹಾಡು, ಆಮೇಲೆ ಸಾಕ್ಷಿ, ಅಂದರೆ ದೇವರಿಂದಾದ ಉಪಕಾರವನ್ನು ಎದ್ದು ನಿಂತು ಹೇಳುವುದು, ಆಮೇಲೆ ಪ್ರಸಂಗ. ಪ್ರಸಂಗ ಅರ್ಧಕ್ಕೆ ಬರುವ ಹೊತ್ತಿಗೆ ಹಿಂಬಾಗಿಲಿನಿಂದ ಮಸಾಲೆಯ ಘಮ ಒಳಗೆ ಬರುತ್ತದೆ. ಅಲ್ಲಿಂದ ಮುಂದೆ ಜನರ ಹಲ್ಲೆಲೂಯಗಳು ಗಟ್ಟಿಯಾಗುತ್ತವೆ, ಪ್ರಸಂಗ ಚುರುಕಾಗುತ್ತದೆ. ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂತು ಕೋಳಿ ಬಿರಿಯಾನಿ ತಿಂದು, ಉಪವಾಸದ ಆಯಾಸ ತೀರಿಸಿಕೊಂಡು, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಮನೆಗೆ ಹೋಗುತ್ತೇವೆ. ಇಷ್ಟು ವರ್ಷ ಇದನ್ನೇ ಉಪವಾಸ ಎಂದುಕೊಂಡಿದ್ದೆವು. ಪ್ರಪಂಚದ ಬೇರೆ ಕಡೆ ಹೇಗಿರಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ನಾನು ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಗಾಜಿನ ಆ ಸಣ್ಣ ತೂತಿನಿಂದ ಜನ ಹೇಳುವ ಸುಳ್ಳುಗಳನ್ನೆಲ್ಲ ಕೇಳಿ ಕೇಳಿ, ಯಾರು ಏನು ಹೇಳಿದರೂ ಒಂದು ಸಲ ಮುಖ ನೋಡುವ ಚಟ ಅಂಟಿಕೊಂಡಿದೆ. ನಂಬಿಕೆ ಎನ್ನುವುದು ನನಗೆ ರೇಷನ್ ಕಾರ್ಡಿನ ಹಾಗೆ ಅಪ್ಪನ ಕಡೆಯಿಂದ ಬಂದದ್ದು. ಹೆಸರು ಸೇರಿಸಿದ್ದರು, ನಾನೂ ತೆಗೆಸುವ ಗೋಜಿಗೆ ಹೋಗಲಿಲ್ಲ. ನಮ್ಮವರು, ಅಂದರೆ ನನ್ನ ಗಂಡ ದೇವದಾಸ್, ಹಾಗಲ್ಲ. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದಷ್ಟು ದಿನ ಅವರದೂ ನನ್ನಂಥದೇ ಭಾನುವಾರದ ನಂಬಿಕೆ. ನಿವೃತ್ತಿಯಾದ ಮೇಲೆ ಅದು ಬೆಳೆಯತೊಡಗಿತು. ಮೊದಲು ಟಿವಿ ನಿಂತಿತು. ಆಮೇಲೆ ನನ್ನ ತಮ್ಮನ ಮನೆಯ ಮದುವೆಯಲ್ಲಿ ವಾಲಗದವರ ಹತ್ತಿರ ಕೂರುವುದು ನಿಂತಿತು. ಆಮೇಲೆ ನಗುವುದು ಕಡಿಮೆಯಾಯಿತು. ಸಭೆಯವರು "ಬ್ರದರ್ ದೇವದಾಸ್ ತುಂಬಾ ಬೆಳೀತಾ ಇದ್ದಾರೆ" ಎಂದು ಹೊಗಳಿದರು.

ಬೆಳವಣಿಗೆಗೆ ಅಡ್ಡವಾಗಿದ್ದದ್ದು ಅವರ ಸಕ್ಕರೆ ಕಾಯಿಲೆ. ಅದೆಷ್ಟೋ ಸಲ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೂ ಅದು ಹೋಗಲಿಲ್ಲ. ಎರಡು ವರ್ಷದ ಹಿಂದೆ ಕಾಲಿನ ಕಿರುಬೆರಳಿನಲ್ಲಿ ಹುಣ್ಣಾಗಿ ಬೆರಳನ್ನೇ ತೆಗೆಯಬೇಕಾಯಿತು. ಮಾತ್ರೆ ತಪ್ಪಿಸಬಾರದು, ಹೊಟ್ಟೆ ಖಾಲಿ ಬಿಡಬಾರದು, ಇನ್ನೊಂದು ಹುಣ್ಣಾದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದವೇ ಹೋಗುತ್ತದೆ ಎಂದು ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಅದೇ ಹೊತ್ತಿಗೆ ನಮ್ಮ ಸಭೆಯಲ್ಲಿ ಒಬ್ಬಾಕೆ ಎದ್ದು ನಿಂತು, ತಾನು ನಂಬಿಕೆಯಿಂದ ಬಿ.ಪಿ. ಮಾತ್ರೆಗಳನ್ನು ಕಸದ ಬುಟ್ಟಿಗೆ ಎಸೆದೆನೆಂದು ಸಾಕ್ಷಿ ಹೇಳಿದಳು. ನಮ್ಮ ಎಬಿನೇಜರ್ ಪಾಸ್ಟರು ಚಪ್ಪಾಳೆ ಹೊಡೆಸಿದರು. ನಮ್ಮವರು ಚಪ್ಪಾಳೆ ಹೊಡೆಯಲಿಲ್ಲ, ತಲೆ ತಗ್ಗಿಸಿ ಕೂತರು. ತಮ್ಮ ನಂಬಿಕೆ ಆ ಹೆಂಗಸಿನದಕ್ಕಿಂತ ಚಿಕ್ಕದು ಎಂದು ಅವತ್ತು ಅವರಿಗೆ ಬಹಳ ಬೇಜಾರಾಯಿತು.

ಹೀಗಿರುವಾಗ ಕೊರಿಯಾದ ಒಂದು ಸಣ್ಣ ಸಭೆಯಿಂದ ಕರೆ ಬಂತು. ಅಲ್ಲಿನವರು ಹಿಂದೊಮ್ಮೆ ಊರಿಗಾಮಿಗೆ ಬಂದು ನಮ್ಮ ಬಿರಿಯಾನಿ ತಿಂದು ಹೋಗಿದ್ದರು. ಬೆಟ್ಟದ ಮೇಲೆ ಅವರದೊಂದು ಪ್ರಾರ್ಥನಾ ಮನೆ ಇದೆಯಂತೆ, ಬಂದರೆ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಬಹುದಂತೆ, ನಂಬಿಕೆ ಬೆಳೆಯುತ್ತದಂತೆ. ಪಾಸ್ಟರಿಗೆ ಸಂತೋಷವೋ ಸಂತೋಷ.

"ಮೂರು ದಿನ ಅಲ್ಲ ಸಿಸ್ಟರ್, ಒಂದು ವಾರ ಬೇಕಾದ್ರೂ ಇರ್ಲಾಂ. ಅವ್ರು ಊಟ ಎಲ್ಲಾ ಚೆನ್ನಾಗಿ ಕೊಡ್ತಾರೆ" ಎಂದರು. ಊರಿಗಾಮಿನ ತಮಿಳರಾದ್ದರಿಂದ ಅವರ ಕನ್ನಡ ಹೀಗೆ ಆಚೆ ಈಚೆ ಓಡಾಡಿಕೊಂಡಿರುತ್ತದೆ.

ಪಾಸ್ಟರೂ ನಮ್ಮವರೂ ನಂಬಿಕೆ ಬೆಳೆಸಿಕೊಳ್ಳಲು ಹೊರಟರು. ನಾನು ಕಾವಲಿಗೆ ಹೊರಟೆ.

ವಿಮಾನದಲ್ಲಿ

ವಿಮಾನದಲ್ಲಿ ಊಟ ಬಂದಾಗ ನಾನು ಅಭ್ಯಾಸದಂತೆ "ಮಾತ್ರೆ ತಗೊಂಡ್ರಾ?" ಎಂದೆ. ನಮ್ಮವರು ಸಣ್ಣ ಪೊಟ್ಟಣದ ಬೆಣ್ಣೆಯ ಜೊತೆ ಗುದ್ದಾಡುತ್ತಿದ್ದರು. ತಲೆಯೆತ್ತದೆ ಹೇಳಿದರು.

"ತಂದಿಲ್ಲ."

"ಮರ್ತ್ರಾ?"

"ಮರೀಲಿಲ್ಲ. ಬೀರೂನಲ್ಲೇ ಮಡಗಿ ಬಂದೆ. ಇನ್ಮೇಲೆ ನುಂಗಾಕಿಲ್ಲ ಸುಗುಣಾ. ಆ ಬೆಟ್ಟಕ್ಕೋಗಿ ವಾಸಿ ಮಾಡ್ಕಂಡೇ ಬತ್ತೀನಿ."

ಮೋಡದ ಮೇಲೆ ಕೂತು ಗಂಡನ ಜೊತೆ ಜಗಳ ಆಡುವುದು ಕಷ್ಟ. ಗಟ್ಟಿಯಾಗಿ ಬೈಯುವಂತಿಲ್ಲ, ಎದ್ದು ಅಡುಗೆಮನೆಗೆ ಹೋಗುವಂತಿಲ್ಲ, ಇಳಿದು ತವರಿಗೆ ಹೋಗುವ ಮಾತಂತೂ ದೂರವೇ ಉಳಿಯಿತು. ಹಲ್ಲು ಕಚ್ಚಿಕೊಂಡು ಕೂತೆ. ಕೌಂಟರಿನಲ್ಲಿ ಚಿಲ್ಲರೆಯನ್ನು ಯಾವತ್ತೂ ಎರಡು ಕಡೆ ಇಡುತ್ತಿದ್ದವಳು ನಾನು. ಅದೇ ಬುದ್ಧಿಯಿಂದ ಒಂದಷ್ಟು ಮಾತ್ರೆಯ ಹಾಳೆಗಳನ್ನು ನನ್ನ ಕೈಚೀಲದಲ್ಲೂ ಹಾಕಿಕೊಂಡಿದ್ದೆ. ತೆಗೆದು ಅವರ ಊಟದ ತಟ್ಟೆಯ ಮೇಲಿಟ್ಟೆ. ಅವರು ಅದನ್ನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸಿದರು. ಗಗನಸಖಿ ಬಂದು ಎರಡೂ ತಟ್ಟೆ ತೆಗೆದುಕೊಂಡು ಹೋಗುವಷ್ಟರಲ್ಲಿ ನಾನು ಮಾತ್ರೆಗಳನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಪಾಸ್ಟರು ಮುಂದಿನ ಸಾಲಿನಲ್ಲಿ ಎರಡನೆಯ ಊಟ ಕೇಳುತ್ತಿದ್ದರು.

ಇಂಚನ್‌ನಿಂದ ಬೆಟ್ಟಕ್ಕೆ

ಇಂಚನ್ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕಾಯುತ್ತಿದ್ದವನು ಸೆಲ್ವಂ. ವಾಣಿಯಂಬಾಡಿಯವನು, ಬಹಳ ವರ್ಷದಿಂದ ಕೊರಿಯಾದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾನೆ. ಅಲ್ಲಿನ ಭಾಷೆ ಗೊತ್ತು, ನಮ್ಮ ಮೂವರಿಗೂ ತಮಿಳು ಗೊತ್ತು. ಹೀಗಾಗಿ ಪರದೇಶದಲ್ಲಿ ನಮ್ಮ ವ್ಯವಹಾರವೆಲ್ಲ ತಮಿಳಿನಲ್ಲೇ ನಡೆಯಿತು. ಕೆಜಿಎಫ್‌ಗೂ ಕೊರಿಯಾಕ್ಕೂ ನಾನು ಕಂಡ ಮೊದಲ ಹೋಲಿಕೆ ಅದು.

ವ್ಯಾನಿನಲ್ಲಿ ಹೋಗುವಾಗ ಕತ್ತಲಾಯಿತು. ಊರಿನ ತುಂಬ ಕಟ್ಟಡಗಳ ನೆತ್ತಿಯ ಮೇಲೆ ಕೆಂಪು ದೀಪದ ಶಿಲುಬೆಗಳು. ಒಂದು ಬೀದಿ ದಾಟುವುದರೊಳಗೆ ನಾಲ್ಕು ಶಿಲುಬೆ. ಕೆಳಗೆ ಮೀನಿನ ಹೋಟೆಲು, ಅದರ ಮೇಲೆ ಟ್ಯೂಷನ್ನು, ಅದರ ಮೇಲೆ ಸಭೆ. ನಮ್ಮವರು ಕಣ್ಣು ತುಂಬಿಕೊಂಡು "ಎಂಥಾ ದೇಶ ನೋಡು" ಎಂದರು. ನನಗೋ ನಮ್ಮ ಕಡೆಯ ಮೆಡಿಕಲ್ ಶಾಪಿನ ಪ್ಲಸ್ ಗುರುತಿನ ದೀಪಗಳ ನೆನಪಾಯಿತು. ಹಾಗೆ ಹೇಳಿದರೆ ಇನ್ನೊಂದು ಜಗಳವಾಗುತ್ತದೆಂದು ಸುಮ್ಮನಿದ್ದೆ.

ಬೆಟ್ಟಕ್ಕೆ ವ್ಯಾನು ಪೂರ್ತಿ ಹೋಗುವುದಿಲ್ಲ. ಕಡೆಯ ಏರು ನಡೆದೇ ಹತ್ತಬೇಕು. ನಾನು ಕಂಡ ಬೆಟ್ಟವೆಂದರೆ ನಮ್ಮ ಚಿನ್ನದ ಗಣಿಯವರು ಸುರಿದ ಸೈನೈಡ್ ಮಣ್ಣಿನ ಗುಡ್ಡ, ಅದಕ್ಕೆ ಹುಲ್ಲೂ ಹುಟ್ಟುವುದಿಲ್ಲ. ಇದು ಪೈನ್ ಮರಗಳು ತುಂಬಿದ ಹಸಿರು ಬೆಟ್ಟ. ನಮ್ಮವರು ಪ್ರವಾಸಕ್ಕೆಂದು ಹೊಸ ಶೂ ತೆಗೆದುಕೊಂಡಿದ್ದರು. ಮೇಲೆ ತಲುಪಿ ಶೂ ಬಿಚ್ಚಿದಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೆರಳು ಹೋದ ಕಾಲಿನಲ್ಲೇ.

ಬೆಟ್ಟ, ಮೊದಲ ದಿನ

ಆ ಪ್ರಾರ್ಥನಾ ಮನೆಯಲ್ಲಿ ಬಾಗಿಲಿಗೊಂದು ಚಪ್ಪಲಿಯ ಶಾಸ್ತ್ರವಿದೆ. ಹೊರಗಿನದು ಹೊರಗೆ, ಒಳಗೆ ಬಟ್ಟೆಯ ಚಪ್ಪಲಿ, ಬಚ್ಚಲಿಗೆ ಬೇರೆ ಪ್ಲಾಸ್ಟಿಕ್ ಚಪ್ಪಲಿ. ನಾನು ಬೆಳಗಿನ ಜಾವ ಅವಸರದಲ್ಲಿ ಬಚ್ಚಲಿನ ಚಪ್ಪಲಿ ಮೆಟ್ಟಿಕೊಂಡೇ ಪ್ರಾರ್ಥನೆಯ ಹಾಲಿನ ನಡುವೆ ಹೋಗಿ ನಿಂತೆ. ಯಾರೂ ಏನೂ ಅನ್ನಲಿಲ್ಲ. ಮೇಲ್ವಿಚಾರಣೆಗಿದ್ದ ಒಬ್ಬ ಅಜ್ಜಿ ಬಂದು, ನನಗೆ ತಲೆ ಬಾಗಿಸಿ ನಮಸ್ಕರಿಸಿ, ಕಾಲ ಬಳಿ ಕೂತು, ಎರಡೂ ಕೈಯಿಂದ ಚಪ್ಪಲಿ ತೆಗೆದುಕೊಂಡು ಹೋದರು. ನಮ್ಮೂರಿನಲ್ಲಾಗಿದ್ದರೆ ಯಾರಾದರೂ ಬೈಯುತ್ತಿದ್ದರು, ನಾನೂ ತಿರುಗಿ ಬೈದು ಸಮ ಮಾಡಿಕೊಳ್ಳುತ್ತಿದ್ದೆ. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ.

ಅವರ ಪ್ರಾರ್ಥನೆ ಹೀಗೆ. ಮೊದಲು ಎಲ್ಲರೂ ಸೇರಿ ಕರ್ತನೇ ಎಂದು ದೇವರನ್ನು ಮೂರು ಸಲ ಕೂಗಿ ಕರೆಯುತ್ತಾರೆ. ಬೆಟ್ಟ ಅದುರಬೇಕು, ಹಾಗೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕಷ್ಟವನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಹೇಳತೊಡಗುತ್ತಾರೆ. ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದಿಲ್ಲ. ರೈಲು ಹೊರಡುವ ಹೊತ್ತಿಗೆ ಕೌಂಟರಿನ ಮುಂದೆ ಎಲ್ಲರೂ ತಮ್ಮ ಊರಿನ ಹೆಸರು ಕೂಗುತ್ತಾರಲ್ಲ, ಹಾಗಿತ್ತು. ದೇವರದೂ ನನ್ನಂಥದೇ ಕೆಲಸವಾಯಿತಲ್ಲ ಎಂದು ಆತನ ಮೇಲೆ ಮೊದಲ ಬಾರಿಗೆ ಕನಿಕರ ಬಂತು.

ತಿಂಡಿ ಇರಲಿಲ್ಲ. ನಾವೂ ನಿರೀಕ್ಷಿಸಿರಲಿಲ್ಲ. ಪಾಸ್ಟರು ಬೆಳಿಗ್ಗೆ ಪೂರ್ತಿ ಉತ್ಸಾಹದಿಂದ ಪ್ರಾರ್ಥಿಸಿದರು. ಮಧ್ಯಾಹ್ನವಾಗುತ್ತಿದ್ದಂತೆ ಅವರ ಕಣ್ಣು ಬಾಗಿಲ ಕಡೆ ಹೋಗತೊಡಗಿತು. ಮೂಗು ಎರಡು ಮೂರು ಸಲ ಗಾಳಿ ಪರೀಕ್ಷಿಸಿತು. ಊಟದ ಹೊತ್ತು ಬಂತು, ದಾಟಿತು. ಅಜ್ಜಿ ಒಂದು ದೊಡ್ಡ ಕೆಟಲಿನಲ್ಲಿ ಬಿಸಿನೀರು ತಂದಿಟ್ಟು, ಮತ್ತೆ ತಲೆ ಬಾಗಿಸಿ ಹೋದರು. ಪಾಸ್ಟರು ಕೆಟಲಿನ ಮುಚ್ಚಳ ತೆಗೆದು ಒಳಗೆ ನೋಡಿದರು.

"ತಂಬೀ ಸೆಲ್ವಂ, ಇದು ಸೂಪಾ?"

"ತಣ್ಣಿ, ಅಯ್ಯಾ. ಬರೀ ನೀರು."

"ಸರಿ. ಸಾಪ್ಪಾಡು ಎತ್ತನೆ ಮಣಿಗೆ?"

ಊಟ ಎಷ್ಟು ಗಂಟೆಗೆ ಎಂಬ ಆ ಪ್ರಶ್ನೆಗೆ ಸೆಲ್ವಂ ಒಮ್ಮೆ ಪಾಸ್ಟರ ಮುಖ, ಒಮ್ಮೆ ನನ್ನ ಮುಖ ನೋಡಿದ. "ಅಯ್ಯಾ, ಮೂರು ದಿನ ಉಪವಾಸ ಅಂತ ನೀವೇ ಒಪ್ಪಿಕೊಂಡ್ರಲ್ಲಾ? ನಾಳಿದ್ದು ಸಾಯಂಕಾಲ ಗಂಜಿ ಕೊಡ್ತಾರೆ" ಎಂದ.

ಪಾಸ್ಟರ ಮುಖ ಇಳಿದುಹೋಯಿತು. ಆಮೇಲೆ ಅವರು ಚೇತರಿಸಿಕೊಂಡು "ಸ್ತೋತ್ರ" ಎಂದರು. ಅಷ್ಟು ಸಣ್ಣ ದನಿಯ ಸ್ತೋತ್ರವನ್ನು ನಾನು ಅವರ ಬಾಯಿಂದ ಯಾವತ್ತೂ ಕೇಳಿರಲಿಲ್ಲ.

ನಮ್ಮವರ ಮುಖ ಮಾತ್ರ ಅರಳಿತು. "ನೋಡ್ದಾ? ನಾವು ಇಷ್ಟ್ ದಿನ ಮಾಡಿದ್ದು ಉಪಾಸಾನೇ ಅಲ್ಲ. ದೇವ್ರು ನಮ್ಮನ್ನ ಸರಿಯಾದ ಜಾಗಕ್ಕೇ ಕರ್ಕೊಂಬಂದವ್ನೆ" ಎಂದು ಎದ್ದು ಹೊರಟರು. ಬೆಟ್ಟದ ಓರೆಯಲ್ಲಿ ಒಬ್ಬರೇ ಮೊಣಕಾಲೂರಲು ಸಣ್ಣ ಸಣ್ಣ ಕೋಣೆಗಳಿದ್ದವು. ಅದರಲ್ಲೊಂದಕ್ಕೆ ಹೋಗಿ ಕೂತರು.

ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು ಬೇಡಿದೆ, ಗದರಿಸಿದೆ. ಮಾತ್ರೆಯನ್ನೂ ನೀರನ್ನೂ ಹಿಡಿದು ನಿಂತೆ. ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ ನುಂಗಿಸುವುದೂ ಅಪಾಯ ಎಂದು ನೆನಪಾಗಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ. ಊಟವೂ ಬೇಕು, ಮಾತ್ರೆಯೂ ಬೇಕು. ಈ ಮನುಷ್ಯನಿಗೆ ಎರಡೂ ಬೇಡ.

ಅಜ್ಜಿ ದೂರದಿಂದ ಇದನ್ನು ನೋಡಿದ್ದರು. ಸೆಲ್ವಂನನ್ನು ಕರೆದುಕೊಂಡು ಬಂದು, ಬಗ್ಗಿ ನಮ್ಮವರ ಹಿಮ್ಮಡಿ ನೋಡಿದರು. ಬೊಬ್ಬೆ ಒಡೆದು ಕೆಂಪಾಗಿತ್ತು. ಅವರು ಬೇಗ ಬೇಗ ಏನೋ ಹೇಳಿದರು. ದನಿ ಕೇಳಿದರೆ ಬೈಗುಳವೆಂದು ಭಾಷೆ ಬಾರದವರಿಗೂ ತಿಳಿಯುವಂತಿತ್ತು.

"ಕಾಯಿಲೆಯವರು ಇಲ್ಲಿ ಉಪವಾಸ ಮಾಡಬಾರದು ಅಂತಾರೆ" ಎಂದ ಸೆಲ್ವಂ. "ಕೆಳಗೆ ಅಡುಗೆಮನೆಯಲ್ಲಿ ಗಂಜಿ ಇದೆ, ಎದ್ದು ಬಂದು ಕುಡೀಬೇಕಂತೆ. ಅವ್ರೂ ಚಿಕ್ಕ ವಯಸ್ಸಲ್ಲಿ ಹಟ ಹಿಡಿದು ಉಪವಾಸ ಮಾಡಿ ಹೊಟ್ಟೆ ಕೆಡಿಸಿಕೊಂಡೋರೇ. ದೇವರು ಕೇಳಿರಲಿಲ್ಲ, ನಾನೇ ಮಾಡಿದ್ದು ಅಂತಾರೆ."

ನಮ್ಮವರು ಅಜ್ಜಿಗೆ ಕೈ ಮುಗಿದು, ನನಗೆ ಕನ್ನಡದಲ್ಲಿ ಹೇಳಿದರು. "ಇದೂ ಒಂದು ಶೋಧನೆ ಸುಗುಣಾ, ನಮ್ಮನ್ನ ಪರೀಕ್ಷೆ ಮಾಡಾಕೆ. ಸೈತಾನ ಯಾವ್ ರೂಪದಲ್ ಬತ್ತಾನೋ ಯೋಳಾಕಾಗಲ್ಲ."

ಕನ್ನಡ ಬಾರದಿದ್ದರೂ ಸೈತಾನ ಎಂಬ ಮಾತು ಸೆಲ್ವಂಗೆ ತಿಳಿದಿರುತ್ತದೆಂದು, ಅದನ್ನು ಅಜ್ಜಿಗೆ ಹೇಳಬೇಡವೆಂದು ನಾನು ಅವನಿಗೆ ಕೈ ಸನ್ನೆ ಮಾಡಿದೆ. ನಮ್ಮವರ ನಂಬಿಕೆಯ ತೊಂದರೆಯೇ ಇದು. ಬಾಗಿಲು ತೆರೆದರೆ ದೇವರ ಚಿತ್ತ, ಮುಚ್ಚಿದರೆ ದೇವರ ಪರೀಕ್ಷೆ. ಯಾವ ಕಡೆಯಿಂದಲೂ ಒಳಗೆ ಹೋಗಿ ಒಂದು ಮಾತು ಹೇಳಲು ಜಾಗವೇ ಬಿಟ್ಟಿರಲಿಲ್ಲ.

ಬೆಟ್ಟ, ಎರಡನೆಯ ದಿನ

ಬೆಳಿಗ್ಗೆ ನೋಡಿದರೆ ಅವರ ತುಟಿ ಒಣಗಿ ಬಿಳಿಚಿತ್ತು. ಗಳಿಗೆಗೊಮ್ಮೆ ನೀರು, ಗಳಿಗೆಗೊಮ್ಮೆ ಬಚ್ಚಲು. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ಹಿಮ್ಮಡಿಯ ಸುತ್ತ ಊದಿಕೊಂಡು ಚರ್ಮ ಮಿರುಗುತ್ತಿತ್ತು. ಆ ಊತ ನನಗೆ ಗೊತ್ತು. ಎರಡು ವರ್ಷದ ಹಿಂದೆ ಕಿರುಬೆರಳಿನದೂ ಹೀಗೇ ಶುರುವಾಗಿತ್ತು.

ಆಗ ನನಗೆ ಹುರಿಹಿಟ್ಟಿನ ನೆನಪಾಯಿತು. ಕೊರಿಯಾದಲ್ಲಿ ಎಲ್ಲದಕ್ಕೂ ಹಂದಿ ಹಾಕುತ್ತಾರೆಂದು ಯಾರೋ ಹೆದರಿಸಿದ್ದರಿಂದ, ರಾಗಿ ಅರಳು ಹುರಿದು ಬೀಸಿ ಒಂದು ಡಬ್ಬಿ ಹುರಿಹಿಟ್ಟು ತಂದಿದ್ದೆ. ಹೊರಗೆ ನಲ್ಲಿಯ ಹತ್ತಿರ ಕಟ್ಟೆಯ ಮೇಲೆ ಕೂತು, ಲೋಟಕ್ಕೆ ಹಿಟ್ಟು ಹಾಕಿ, ಬೆಲ್ಲವಿಲ್ಲದೆ, ಚಿಟಿಕೆ ಉಪ್ಪು ಹಾಕಿ ಬಿಸಿನೀರಿನಲ್ಲಿ ಕಲಸಿದೆ. ನಮ್ಮವರ ಕೋಣೆ ಅಲ್ಲೇ ನಾಲ್ಕು ಹೆಜ್ಜೆಯಲ್ಲಿತ್ತು. ವಾಸನೆ ಹೋಗಿಯಾದರೂ ಎಬ್ಬಿಸಲಿ ಎಂಬ ಆಸೆ.

ವಾಸನೆ ಎಬ್ಬಿಸಿತು, ಆದರೆ ಪಾಸ್ಟರನ್ನು. ಅವರು ಬೆಟ್ಟದ ಆ ಕಡೆಯಿಂದ ಈ ಕಡೆಗೆ ನೆಟ್ಟಗೆ ನಡೆದು ಬಂದರು.

"ಏನ್ ಸಿಸ್ಟರ್ ಅದು?"

"ಹುರಿಹಿಟ್ಟು."

"ರಾಗೀದಾ?" ಎಂದು ಗಂಟಲು ಸರಿಮಾಡಿಕೊಂಡರು. "ನಂಗೆ ಗ್ಯಾಸ್ಟ್ರಿಕ್ ಇದೆ ಸಿಸ್ಟರ್. ನಿನ್ನೆಯಿಂದ ಎದೆ ಉರೀತಾ ಇದೆ. ಒಂದು ಸ್ಪೂನ್, ಔಷಧಿ ಮಾದರಿ..."

ಲೋಟ ಅವರ ಕಡೆ ಚಾಚಿದವಳು ಅರ್ಧಕ್ಕೆ ಕೈ ನಿಲ್ಲಿಸಿದೆ. ನನ್ನ ತಲೆಗೆ ಅದು ಹೇಗೆ ಹೊಳೆಯಿತೋ ನನಗೇ ಗೊತ್ತಿಲ್ಲ.

"ಪಾಸ್ಟರೇ, ನೀವೋಗಿ ನಮ್ಮೋರಿಗೆ ಒಂದು ಮಾತು ಯೋಳ್ಬೇಕು. ಎದ್ದು ಗಂಜಿ ಕುಡೀರಿ, ಮಾತ್ರೆ ನುಂಗ್ರಿ ಅಂತ. ನೀವಂಗೇ ಯೋಳಿದ್ರೆ ಕೇಳಾಕಿಲ್ಲ. ಕರ್ತರು ನಂಗೆ ತೋರ್ಸಿದ್ರು ಅಂತ ಯೋಳಿ."

ಪಾಸ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಅವರನ್ನು ಎಷ್ಟು ಆಡಿಕೊಂಡರೂ ಇದೊಂದನ್ನು ಹೇಳಲೇಬೇಕು, ಅವರ ಮುಖದಲ್ಲಿ ನಿಜವಾದ ಗಾಬರಿಯಿತ್ತು.

"ಅದು ತಪ್ಪಮ್ಮಾ. ಕರ್ತರು ಹೇಳದೇ ಇರೋದನ್ನ ಹೇಳಿದ್ರು ಅಂತ ನಾನು ಹೆಂಗೆ ಹೇಳ್ಲಿ? ಮತ್ತೆ ನಾನು ಮಾತ್ರೆ ಬಿಡಿ ಅಂತ ಯಾವತ್ತೂ ಹೇಳೇ ಇಲ್ಲ."

"ಬಿಟ್ಟೋರಿಗೆ ಚಪ್ಪಾಳೆ ಹೊಡೆಸಿದ್ರಲ್ಲ!"

ಅವರು ಲೋಟವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಗದರಿಸಬೇಕೆಂದು ಬಾಯಿ ತೆರೆದೆ. ಬೇಡುವ ಮಾತು ಬಂತು. "ನಾನು ಇವತ್ತಿನವರ್ಗೂ ನಿಮ್ಮತ್ರ ಏನೂ ಕೇಳಿಲ್ಲ ಪಾಸ್ಟರೇ. ನಿಮ್ಮ ಮೇಲೆ ನಂಗೆ ಅಷ್ಟೇನೂ ಗೌರ್ವಾನೂ ಇಲ್ಲ. ಆದ್ರೂ ಕೇಳ್ಕಂತೀನಿ. ಕೈ ಮುಗೀತೀನಿ. ಅವ್ರ ಕಾಲು ಓಗ್ಬುಡ್ತದೆ. ಅವ್ರೇ ಓಗ್ಬುಟ್ರೆ ನಾನೇನ್ ಮಾಡ್ಲಿ? ನಂಗೆ ಅವ್ರು ಬೇಕು."

ಪಾಸ್ಟರು ಲೋಟ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ, ಒಂದೇ ಸಲಕ್ಕೆ ಕುಡಿದು, ಬಾಯಿ ಒರೆಸಿಕೊಂಡು, ನಮ್ಮವರ ಕೋಣೆಗೆ ಹೋದರು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ತಲೆಯ ಮೇಲೆ ಕೈಯಿಟ್ಟು ಅವರು ಶುರು ಮಾಡಿದರು. ಮೊದಲು ದನಿ ತಡವರಿಸಿತು, ಆಮೇಲೆ ಪಳಗಿದ ದಾರಿ ಸಿಕ್ಕಿತು. "ಮಗನೇ ದೇವದಾಸನೇ, ಏಳು ಎಂದು ಕರ್ತರು ಹೇಳ್ತಾ ಇದ್ದಾರೆ. ಗಂಜಿ ಕುಡಿ ಎಂದು ಹೇಳ್ತಾ ಇದ್ದಾರೆ. ನಿನ್ನ ಹೆಂಡತಿ ಕೈಯಲ್ಲಿರೋ ಮಾತ್ರೆ ನಾನೇ ಕೊಟ್ಟಿದ್ದು ಎಂದು ಹೇಳ್ತಾ ಇದ್ದಾರೆ." ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಾಸ್ಟರಿಗೆ ಹುರುಪು ಬಂದುಬಿಟ್ಟಿತ್ತು. "ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟಕ್ಕೆ ಮೊದಲು. ಆ ಹೊಸ ಶೂ ಬಿಟ್ಟು ಚಪ್ಪಲಿ ಹಾಕು ಎಂದೂ ಹೇಳ್ತಾ ಇದ್ದಾರೆ!"

ದೇವರು ಇಷ್ಟು ವಿವರವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಮ್ಮವರು ಕಣ್ಣು ತೆರೆದು ಪಾಸ್ಟರನ್ನು ನೋಡಿದರು, ಅವರ ಭುಜದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಮಾತ್ರೆಗೆ ಕೈ ಚಾಚಿದರು.

ಅಜ್ಜಿ ಗಂಜಿ ತಂದರು. ಜೊತೆಗೆ ಮೂಲಂಗಿ ನೆನೆಸಿದ ಹುಳಿನೀರು. ನಮ್ಮವರು ಮಾತ್ರೆ ನುಂಗಿ, ಗಂಜಿ ಕುಡಿದು ಮುಗಿಸುವವರೆಗೂ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ ಹುಣ್ಣನ್ನು ತೊಳೆದು ಬಟ್ಟೆ ಕಟ್ಟಿ, ನಮ್ಮಿಬ್ಬರನ್ನೂ ಸೆಲ್ವಂ ಜೊತೆ ಕೆಳಗಿನ ಆಸ್ಪತ್ರೆಗೆ ಹೊರಡಿಸಿಯೇ ಬಿಟ್ಟರು.

ಇಳಿಯುವ ದಾರಿ

ಆಸ್ಪತ್ರೆಯಲ್ಲಿ ಹುಣ್ಣಿಗೆ ಔಷಧಿ ಹಚ್ಚಿ, ಮಾತ್ರೆ ಬರೆದುಕೊಟ್ಟು, ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು. ಹೊರಗೆ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಸೆಲ್ವಂ ವ್ಯಾನು ತರಲು ಹೋಗಿದ್ದ. ನನಗೆ ಗೆದ್ದ ಖುಷಿ. ಅದನ್ನು ಮುಖದಲ್ಲಿ ತೋರಿಸಬಾರದೆಂದು ರಸ್ತೆಯ ಕಡೆ ನೋಡುತ್ತಿದ್ದೆ.

"ಸುಗುಣಾ" ಎಂದರು ನಮ್ಮವರು. "ಪಾಸ್ಟರಯ್ಯ ಬಾಯ್ ತೆಗೆದಾಗ ಉರಿಟ್ಟಿನ ವಾಸ್ನೆ ಬತ್ತಿತ್ತು."

ನಾನು ಅವರ ಕಡೆ ತಿರುಗಿದೆ.

"ನೀನು ನಲ್ಲಿ ತಾವ ಮಾತಾಡಿದ್ದೂ ಕೇಳಿಸ್ತು. ಬಾಗ್ಲು ತೆಗೆದೇ ಇತ್ತಲ್ಲ."

"ಗೊತ್ತಿದ್ದೂ ಯಾಕ್ರೀ ನುಂಗಿದ್ರಿ?"

ಅವರು ಬಟ್ಟೆ ಕಟ್ಟಿದ ಕಾಲನ್ನು ಮೆಲ್ಲಗೆ ನೀಡಿಕೊಂಡರು. "ಒಳಗ್ ಕುಂತ್ಕಂಡು ನಾನು ಏನೇನೋ ಕೇಳ್ತಾ ಇದ್ನಾ. ಬಾಯಿ ಆಡ್ತಿತ್ತು, ಮನ್ಸು ಮಾತ್ರ ಊರಿಗೋಗಿ ಸಾಕ್ಷಿ ಯೋಳೋದ್ರಲ್ಲೇ ಇತ್ತು. ಎಲ್ರೂ ಎದ್ ನಿಂತು ಚಪ್ಪಾಳೆ ಹೊಡೀತವ್ರೆ, ಹಂಗೆ. ಆಗ ನೀನು ಆಚೆ ಬೇಡ್ಕಂಡೆ. ನಂಬಿಕೆ ಇಲ್ದೋಳು, ಗೌರ್ವ ಇಲ್ದಿರೋ ಮನುಷ್ಯನ್ ಮುಂದೆ ಕೈ ಮುಗಿದೆ. ಅದು ಪ್ರಾರ್ಥ್ನೆ ಅಲ್ದಿದ್ರೆ ಇನ್ಯಾವ್ದು ಅಂತ ಅನ್ನುಸ್ತು."

"ಅದು ಪ್ರಾರ್ಥನೆ ಅಲ್ಲ ಕಣ್ರೀ, ಲಂಚ. ಒಂದ್ ಲೋಟ ಹಿಟ್ಟು ಕೊಟ್ಟು ಕೆಲ್ಸ ಮಾಡಿಸ್ಕಂಡೆ."

"ನಾನು ಮೂರು ದಿನ ಊಟ ಬಿಟ್ಟು ದೇವ್ರ ಕೈಲಿ ಮಾಡಿಸ್ಕಳಾಕ್ ಓಗಿದ್ದೆ" ಎಂದರು. "ಇಬ್ರದೂ ಒಂದೇ."

ಎಷ್ಟೋ ತಿಂಗಳಾದ ಮೇಲೆ ಅವರು ನಕ್ಕದ್ದು ಆಗಲೇ. ನಾನೂ ನಕ್ಕೆ, ಆಮೇಲೆ ಅಳು ಬಂತು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಮ್ಮನ್ನು ಕಂಡು ನಿಂತು, ಬಗ್ಗಿ ನಮಸ್ಕರಿಸಿ ಹೋದ. ಆಸ್ಪತ್ರೆಯ ಮುಂದೆ ಕೂತ ಮುದುಕರಿಗೆ ಏನೋ ದೊಡ್ಡ ದುಃಖ ಬಂದಿದೆ ಎಂದು ಅವನು ಅಂದುಕೊಂಡಿರಬೇಕು.

ಪಾಸ್ಟರು ಮೂರನೆಯ ದಿನ ಸಂಜೆಯವರೆಗೂ ಉಪವಾಸ ಮುಂದುವರಿಸಿದರು. ನನ್ನ ಡಬ್ಬಿಯ ಕಡೆ ಮತ್ತೆ ಬರಲಿಲ್ಲ. ನಾನೇ ಒಂದು ಸಲ ಲೋಟ ಹಿಡಿದು ಹೋದಾಗಲೂ ಬೇಡವೆಂದು ತಲೆಯಾಡಿಸಿದರು. ಅವರು ಏನನ್ನು ಕೇಳಿಕೊಂಡರೋ ನನಗೆ ಗೊತ್ತಿಲ್ಲ. ಆದರೆ ಅವತ್ತಿನ ಅವರ ಪ್ರಾರ್ಥನೆಯಲ್ಲಿ ಕೂಗಾಟವಿರಲಿಲ್ಲ.

ಊರಿಗಾಂ

ಬಂದ ಭಾನುವಾರ ಸಭೆ ಕಿಕ್ಕಿರಿದಿತ್ತು. ಮಾರಿಕುಪ್ಪಂನಿಂದ, ಬೇತಮಂಗಲದಿಂದ ಕೂಡ ಜನ ಬಂದಿದ್ದರು. ಕೊರಿಯಾದಲ್ಲಿ ಬ್ರದರ್ ದೇವದಾಸ್‌ಗೆ ಅದ್ಭುತವಾಗಿದೆ ಎಂಬ ಸುದ್ದಿ ನಾವು ಬರುವ ಮೊದಲೇ ಊರು ಸೇರಿತ್ತು. ಯಾರು ಹಬ್ಬಿಸಿದರೆಂದು ಕೇಳಿದರೆ ಎಲ್ಲರೂ ಬೇರೆಯವರ ಕಡೆ ಕೈ ತೋರಿಸುತ್ತಾರೆ. ಕೀಬೋರ್ಡಿನವನು ಚಪ್ಪಾಳೆಯ ಜೊತೆ ಬಾರಿಸಲು ಬೆರಳು ಸಿದ್ಧ ಮಾಡಿಕೊಂಡು ಕೂತಿದ್ದ.

ನಾನು ಎಂದಿನಂತೆ ಬಾಗಿಲ ಬಳಿ ಕೂತೆ. ನಮ್ಮವರು ಚಪ್ಪಲಿಯಲ್ಲಿ ಮೆಲ್ಲಗೆ ನಡೆದು ಮೇಲೆ ಹೋದರು. ಮೈಕು ಕೊಡುವಾಗ ಪಾಸ್ಟರ ಕೈ ಒಂದು ಕ್ಷಣ ಅದನ್ನು ಬಿಡಲಿಲ್ಲ. ಇವರು ಏನು ಹೇಳಿಬಿಡುತ್ತಾರೋ ಎಂಬ ಭಯ ಅವರಿಗೆ. ನನಗೂ ಇತ್ತು.

"ನನ್ ಶುಗರ್ ಓಗಿಲ್ಲ" ಎಂದರು ನಮ್ಮವರು. "ಎಲ್ಡೊತ್ತೂ ಮಾತ್ರೆ ನುಂಗ್ತಾ ಇವ್ನಿ. ಬಿಟ್ಟಿದ್ದೆ, ತಪ್ಪಾಯ್ತು. ದೇವ್ರ ಮೇಲಿನ ನಂಬಿಕೆಗೆ ಬಿಟ್ಟಿದ್ದಲ್ಲ, ನಿಮ್ ಮುಂದೆ ದೊಡ್ಡೋನಾಗ್ಬೇಕು ಅಂತ ಬಿಟ್ಟಿದ್ದೆ. ಕಾಲು ಉಳ್ಕಂತು. ಮನೇಲಿ ನನ್ ಮೇಲೆ ಪ್ರಾಣ ಇಕ್ಕಂಡಿರೋರು ಒಬ್ರವ್ರೆ, ಅವ್ರಿಂದ ಉಳ್ಕಂತು. ಅವ್ರನ್ನ ಕೊಟ್ಟೋನಿಗೆ ಸ್ತೋತ್ರ. ಅಷ್ಟೇ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲಿ ಹೊಡೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಾಯಿಲೆ ಹೋಗಿಲ್ಲ, ಮಾತ್ರೆ ಬಿಟ್ಟಿಲ್ಲ, ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೀಬೋರ್ಡಿನವನು ಬೆರಳು ಹಿಂದಕ್ಕೆ ತೆಗೆದುಕೊಂಡ. ನಮ್ಮವರು ಆ ಮೌನದ ಎದುರಿಗೆ ಒಬ್ಬರೇ ನಿಂತಿದ್ದರು.

ನನಗೆ ಸಿಟ್ಟು ಬಂತು. ಸುಳ್ಳು ಹೇಳಿದಾಗಲೆಲ್ಲ ಕುಣಿದ ಜನ, ಒಬ್ಬ ಮನುಷ್ಯ ನಿಜ ಹೇಳಿದರೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರಲ್ಲ! ಮದುವೆಯಾಗಿ ಆ ಸಭೆಗೆ ಬಂದ ಲಾಗಾಯ್ತು ನಾನು ಅಲ್ಲಿ ಗಟ್ಟಿಯಾಗಿ ತುಟಿ ಬಿಚ್ಚಿದವಳಲ್ಲ. ಆ ಸಿಟ್ಟಿನಲ್ಲೇ ಎದ್ದು ನಿಂತು "ಆಮೆನ್" ಎಂದೆ. ಪ್ಲಾಟ್‌ಫಾರಂ ಕಡೆಗೆ ಕೂಗಿದಷ್ಟು ಜೋರಾಗಿ ಬಂತು.

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ನಾನು ಯಾರನ್ನೂ ನೋಡಲಿಲ್ಲ. ಅಷ್ಟು ಜನರ ಮುಂದೆ, ಮೈಕು ಹಿಡಿದುಕೊಂಡೇ, ನಮ್ಮವರು ಗೊಳೋ ಎಂದು ಅಳುತ್ತಿದ್ದರು.